ಆಂಟಿಯ ಬಂದೂಕಿಗೆ ನಾನು ಆರಿಸಿದ ದುರ್ಬೀನು

ಬಂದೂಕಿನ ಮೇಲೆ ಕೂರಿಸುವ ದುರ್ಬೀನಿಗೆ ಇಲ್ಲಿ ಸ್ಕೋಪ್ ಅನ್ನುತ್ತಾರೆ. ಅದರ ಬಗ್ಗೆ ನನಗೆ ಗೊತ್ತಿರುವಷ್ಟು ನಮ್ಮ ವಂಶದಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಮೈಸೂರಿನಲ್ಲಿ, ಈರುಳ್ಳಿಯನ್ನೇ ಒಳಗೆ ಬಿಡದ ಮನೆಯಲ್ಲಿ ಬೆಳೆದವಳು ನಾನು. ಬೋನಿಗೆ ಬಿದ್ದ ಇಲಿಯನ್ನು ಮೈದಾನದ ತನಕ ಹೊತ್ತೊಯ್ದು ಬಿಟ್ಟು ಬರುತ್ತಿದ್ದೆವು. ನಮಗಿಂತ ಮುಂಚೆ ಅದೇ ಮನೆ ಸೇರಿರುತ್ತಿತ್ತೋ ಏನೋ. ಅಂಥವಳು ಅಮೆರಿಕದ ಹರ್ನ್‌ಡನ್ನಿನ ಟೌನ್‌ಹೌಸಿನಲ್ಲಿ ಕೂತು ಕೊಲ್ಲುವ ಸಾಮಾನು ಹುಡುಕಿದೆ, ಅದೂ ಪ್ರೀತಿಯಿಂದ.

ಎಲ್ಲದಕ್ಕೂ ಅವರೆಕಾಯಿ ಕಾರಣ. 2020ರಲ್ಲಿ ಆಫೀಸು ಮನೆಯೊಳಗೇ ಬಂದು ಕೂತಾಗ ಗೋಡೆ ನೋಡಿ ನೋಡಿ ತಲೆ ಕೆಟ್ಟು, ನಾನೂ ನನ್ನ ಗಂಡನೂ ಶನಿವಾರಗಳಂದು ಪಶ್ಚಿಮದ ಹಳ್ಳಿ ರಸ್ತೆಗಳಲ್ಲಿ ಸುಮ್ಮನೆ ಕಾರು ಓಡಿಸಿಕೊಂಡು ಹೋಗುತ್ತಿದ್ದೆವು. ಒಂದು ಕಡೆ ರಸ್ತೆ ಬದಿಯಲ್ಲಿ ಮೇಜು ಹಾಕಿಕೊಂಡು ಒಬ್ಬ ಹೆಂಗಸು ಟೊಮೆಟೊ ಮಾರುತ್ತಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು. ಗಂಡ ಇರಲಿಲ್ಲ. ಹಾಗಂತ ಅಯ್ಯೋ ಪಾಪ ಅನ್ನುವ ಹಾಗೂ ಇರಲಿಲ್ಲ; ಟ್ರ್ಯಾಕ್ಟರ್ ತಾವೇ ಓಡಿಸುತ್ತಿದ್ದರು, ಅದು ನಿಂತುಹೋದರೆ ಅದರ ಜನ್ಮ ಜಾಲಾಡುತ್ತಿದ್ದರು. ಅಭ್ಯಾಸಬಲದಿಂದ ಆಂಟಿ ಅಂದೆ, ಅವರಿಗೆ ಹಿಡಿಸಿತು. ಅವರು ನನ್ನನ್ನು ಹನಿ ಅನ್ನುತ್ತಿದ್ದರು, ಇಂಗ್ಲಿಷಿನ ಜೇನು. ಅಂಚೆಯವನನ್ನೂ ಹಾಗೇ ಕರೆಯುತ್ತಾರೆಂದು ಆಮೇಲೆ ತಿಳಿದು ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಮುಂದಿನ ವರ್ಷ ಹೊಲದ ಅಂಚಿನಲ್ಲಿ ನನಗೊಂದು ಪಟ್ಟಿ ಜಾಗ ಬಿಟ್ಟುಕೊಟ್ಟರು. ಅವರೆ, ಮೆಂತ್ಯ, ದಂಟು ಬಿತ್ತಿದೆ.

ಅದರ ವಾಸನೆ ಹಿಡಿದು ಗ್ರೌಂಡ್‌ಹಾಗ್ ಬಂತು. ನಮ್ಮ ಹೆಗ್ಗಣದ ದೊಡ್ಡಣ್ಣ ಅಂದುಕೊಳ್ಳಿ: ಬೆಕ್ಕಿಗಿಂತ ದಪ್ಪ, ಕಂದು ಕೂದಲು, ನೆಲದೊಳಗೆ ಮಾರುದ್ದ ಬಿಲ. ಆಂಟಿ ಹರೆಯದಿಂದಲೂ ಅವನ್ನು ಹೊಡೆಯುತ್ತಾ ಬಂದವರು. ಬಿಲದ ಬಾಯಿ ಹುಲ್ಲಿನಲ್ಲಿ ಕಾಣುವುದಿಲ್ಲ. ಹಸು ಕಾಲಿಟ್ಟರೂ ಮುರಿಯುತ್ತದೆ, ಮನುಷ್ಯ ಕಾಲಿಟ್ಟರೂ ಮುರಿಯುತ್ತದೆ. ಆದರೆ ಅವರ ಕಣ್ಣು ಮಂಜಾಗಿತ್ತು. ಬಂದೂಕಿನ ಮೇಲಿದ್ದ ಹಳೆಯ ಸ್ಕೋಪು ನಾಲ್ಕು ಪಟ್ಟು ಮಾತ್ರ ದೊಡ್ಡದಾಗಿ ತೋರಿಸುತ್ತಿತ್ತು. ತಲೆ ಸ್ಪಷ್ಟವಾಗಿ ಕಾಣದೆ ಬಂದೂಕಿನ ಕುದುರೆ ಎಳೆಯಬಾರದೆಂಬುದು ಅವರ ನೇಮ, ಗಾಯಗೊಂಡ ಪ್ರಾಣಿ ಬಿಲದೊಳಗೆ ನರಳಿ ಸಾಯಬಾರದೆಂದು. ಹಾಗಾಗಿ ಎರಡು ಬೇಸಿಗೆ ಬಂದೂಕು ಮುಟ್ಟಿರಲಿಲ್ಲ, ಬಿಲಗಳು ಹೆಚ್ಚಿದ್ದವು. ಪಕ್ಕದ ಊರಿನಲ್ಲಿದ್ದ ಮಗ ಖಡಾಖಂಡಿತವಾಗಿ ಹೇಳಿದ್ದ: ಈ ವರ್ಷವೂ ಬಿಲಗಳು ಹೀಗೇ ಇದ್ದರೆ ಹೊಲ ಮಾರಿ ತನ್ನ ಮನೆಗೆ ಬರಬೇಕು, ಎಲ್ಲೋ ಬಿದ್ದರೆ ಎತ್ತುವವರು ಯಾರು ಅಂತ.

ಆಂಟಿ ನನ್ನ ಮುಂದೆ ಇದನ್ನು ಅಳುತ್ತಾ ಹೇಳಲಿಲ್ಲ, ಟೊಮೆಟೊ ಒರೆಸುತ್ತಾ ಹೇಳಿದರು. ಇಲ್ಲಿ ಇರಬೇಕು ಅಂದರೆ ಹೊಡೆಯಬೇಕು, ಹೊಡೆಯಬೇಕು ಅಂದರೆ ಕಾಣಬೇಕು. ನೀನು ಕಂಪ್ಯೂಟರಿನವಳು, ದುಬಾರಿಯಲ್ಲದ ಒಂದು ಒಳ್ಳೆಯ ಸ್ಕೋಪ್ ನೋಡಿಕೊಡು ಅಂದರು.

ನೋಡತೊಡಗಿದೆ ನೋಡಿ! ನಮ್ಮವರು ಕುಕ್ಕರ್ ಕೊಳ್ಳುವುದಕ್ಕೂ ನೂರು ರಿವ್ಯೂ ಓದುವ ಜಾತಿ. ಆಫೀಸಿನ ಬೆಳಗಿನ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಮ್ಯೂಟ್ ಹಾಕಿಕೊಂಡು ಸ್ಕೋಪಿನ ವಿಡಿಯೊ ನೋಡಿದೆ. ನನ್ನ ಗಂಡ ಅಡುಗೆಮನೆಯಿಂದ ಹಾದುಹೋಗುತ್ತಾ, "ಹುಳಿಗೆ ಬೇಳೆ ಬೇಯಿಸೋಳು ಬಂದೂಕಿಗೆ ಕನ್ನಡಕ ಸೆಲೆಕ್ಟ್ ಮಾಡ್ತಾವ್ಳೆ," ಅಂತ ಛೇಡಿಸುತ್ತಿದ್ದ. ಮೊದಲು ಫೋನಿನ ಕ್ಯಾಮೆರಾ ಆರಿಸುವ ಬುದ್ಧಿಯಲ್ಲೇ ಆರಿಸಿದೆ: ಯಾವುದರಲ್ಲಿ ಅಂಕಿ ದೊಡ್ಡದೋ ಅದೇ ಒಳ್ಳೆಯದು. ಮೂವತ್ತೆರಡು ಪಟ್ಟು, ಬೆಲೆ ನೋಡಿದರೆ ಕೊಸರು ಕೊಟ್ಟ ಹಾಗೆ. ಅಂಗಡಿಯವರು ಬರೆದಿದ್ದೆಲ್ಲ ಸುಳ್ಳಲ್ಲ, ದೊಡ್ಡದಾಗಿ ತೋರಿಸಿತು. ಆದರೆ ಪಟ್ಟು ಏರಿಸುವ ಬಳೆಯನ್ನು ಪೂರ್ತಿ ತಿರುಗಿಸಿದರೆ ಒಗ್ಗರಣೆ ಹೊಗೆಯೊಳಗೆ ನೋಡಿದ ಹಾಗೆ ಮಬ್ಬು. ಕಣ್ಣು ಕೂದಲೆಳೆಯಷ್ಟು ಸರಿದರೂ ಕತ್ತಲು. ಆಂಟಿ ಒಂದು ಸಲ ನೋಡಿ ಪೆಟ್ಟಿಗೆಗೆ ವಾಪಸು ಇಟ್ಟರು. ಹಿಂದಿರುಗಿಸಿ ಮತ್ತೆ ಓದಿದೆ. ಅಗ್ಗದ್ದರಲ್ಲಿ ಅಂಕಿಗಿಂತ ಗಾಜು ಮುಖ್ಯ ಅಂತ ತಿಳಿಯಿತು. ಆರರಿಂದ ಇಪ್ಪತ್ತನಾಲ್ಕು ಪಟ್ಟಿನ ಒಂದನ್ನು ಹಿಡಿದೆ: ಮುಂದಿನ ಗಾಜು ಅಗಲ, ದೂರಕ್ಕೆ ತಕ್ಕಂತೆ ಚಿತ್ರ ತಿಳಿಯಾಗಿಸಲು ಪಕ್ಕದಲ್ಲೊಂದು ತಿರುಗಣೆ. ಹತ್ತಾರು ಗುಂಡು ಹಾರಿಸಿದ ಮೇಲೂ ಗುರಿ ತಪ್ಪುವುದಿಲ್ಲ ಅಂತ ಕೊಂಡವರು ಬರೆದಿದ್ದರು. ಆಂಟಿ ಅದನ್ನು ಕೂರಿಸಿ, ಕಾಗದದ ಗುರಿಗೆ ಹೊಡೆದು ನೋಡಿ, ನನ್ನ ಬೆನ್ನು ತಟ್ಟಿದರು. ಪರೀಕ್ಷೆ ಪಾಸಾದವಳ ಹಾಗೆ ಬೀಗಿದೆ.

ಸೆಪ್ಟೆಂಬರಿನ ಒಂದು ಶನಿವಾರ ಬೆಳಗ್ಗೆ ಜಗಲಿಯ ಮೇಲೆ ಮೇಜು, ಮೇಜಿನ ಮೇಲೆ ಮರಳಿನ ಚೀಲ, ಅದರ ಮೇಲೆ ಬಂದೂಕು. ನನ್ನ ಅವರೆ ಪಟ್ಟಿಯ ಹತ್ತಿರ ಗ್ರೌಂಡ್‌ಹಾಗ್ ಬಂದಿತ್ತು. ಬರಿಗಣ್ಣಿಗೆ ಒಂದು ಕಂದು ಚುಕ್ಕೆ. ಆಂಟಿ ಗುರಿ ಹಿಡಿದರು, ಆಮೇಲೆ ತಲೆ ಎತ್ತಿ ನನ್ನನ್ನು ಕರೆದರು. ನೀನು ಆರಿಸಿದ್ದಲ್ವಾ, ಮೊದಲು ನೀನು ನೋಡು ಅಂತ. ಮರ್ಯಾದೆಗೆ ಕರೆದದ್ದು. ಬೇಡ ಅನ್ನಬೇಕಿತ್ತು.

ನೋಡಿದೆ. ಅದು ಹಿಂಗಾಲಿನ ಮೇಲೆ ಕೂತು, ಎಳೆ ಅವರೆಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ತುದಿಯಿಂದ ಕಡಿಯುತ್ತಿತ್ತು. ಮೀಸೆಗೆ ಇಬ್ಬನಿ ಅಂಟಿತ್ತು. ಅವರೆಕಾಯಿ ಸುಲಿಯುತ್ತಾ ಜಗತ್ತನ್ನೇ ಮರೆಯುತ್ತಿದ್ದ ನಮ್ಮತ್ತೆಯ ಧ್ಯಾನ ಅದರ ಮುಖದಲ್ಲಿತ್ತು. ಎಲೆ ಮುಂದೆ ಕೂತವರನ್ನು ಎಬ್ಬಿಸಬಾರದು ಅಂತ ನಮ್ಮ ಮನೆಯಲ್ಲಿ ಕಟ್ಟುನಿಟ್ಟು. ಬಾಡಿಗೆಯವರು ಜಗಳಕ್ಕೆ ಬಂದಾಗಲೂ, ಅವರು ಊಟ ಮಾಡಿಲ್ಲ ಅಂತ ಗೊತ್ತಾದರೆ ನಮ್ಮವರು ಮೊದಲು ಬಡಿಸಿ ಆಮೇಲೆ ಜಗಳವಾಡುತ್ತಿದ್ದರು. ನನ್ನ ಬಾಯಿಂದ ತಾನಾಗೇ ಬಂತು.

"ಆಂಟಿ, ತಿಂತಾ ಇದೆ. ತಿಂದು ಮುಗಿಸ್ಲಿ."

ಅಷ್ಟನ್ನು ಇಂಗ್ಲಿಷಿನಲ್ಲೇ ಹೇಳಿದ್ದೆ, ಆದರೂ ಅವರಿಗೆ ಅರ್ಥವಾಗಲಿಲ್ಲ. ನಮ್ಮ ಪದ್ಧತಿ ವಿವರಿಸಿದೆ. ಊಟಕ್ಕೆ ಮುಂಚೆ ತಪ್ಪದೆ ಪ್ರಾರ್ಥನೆ ಮಾಡುವವರು ಅವರು. ಸರಿ, ಮುಗಿಸಲಿ ಅಂದರು. ಅದು ಮುಗಿಸಿತು, ಸೀದಾ ಬಿಲಕ್ಕೆ ಹೋಯಿತು. ಗ್ರೌಂಡ್‌ಹಾಗ್ ತಿಂದಮೇಲೆ ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುವುದಿಲ್ಲವಲ್ಲ.

ಅಲ್ಲಿಂದ ಅದೇ ಆಯಿತು. ನಾನಿಲ್ಲದ ದಿನವೂ ಆಂಟಿ ಸ್ಕೋಪಿನಲ್ಲಿ ನೋಡುತ್ತಿದ್ದರಂತೆ, ಮುಗಿಸಲಿ ಅಂತ ಕಾಯುತ್ತಿದ್ದರಂತೆ. ಶನಿವಾರ ಹೋದರೆ ವಾರದ ವರದಿ: ಇವತ್ತು ಮೆಂತ್ಯ ಬೇಡ ಅಂತು, ನಿನ್ನೆ ಮರಿ ಜೊತೆ ಬಂದಿತ್ತು. ಇಬ್ಬರೂ ನಗುತ್ತಿದ್ದೆವು. ನನಗೆ ಎಷ್ಟು ಸಂತೋಷವಾಗಿತ್ತು ಅಂದರೆ, ಬಿಲಗಳ ಮಾತು, ಮಗನ ಮಾತು ಎರಡೂ ತಲೆಯಿಂದ ಹಾರಿಹೋಗಿದ್ದವು. ನನ್ನ ಗಂಡ ಒಮ್ಮೆ, "ಹೊಡೆಯೋಕೆ ತಂದಿದ್ದಲ್ವೇನೇ ಅದು?" ಅಂದ. ನಿನಗೇನು ಗೊತ್ತು, ಸುಮ್ಮನಿರು ಅಂತ ಅವನ ಬಾಯಿ ಮುಚ್ಚಿಸಿದೆ.

ಅಕ್ಟೋಬರಿನಲ್ಲಿ ಆಂಟಿ ನನಗಾಗಿ ಅವರೆಕಾಯಿ ಕುಯ್ಯಲು ಹೋದರು. ಮಾರನೆಯ ದಿನ ಹಿಮ ಬೀಳುವ ಮುನ್ಸೂಚನೆ ಇತ್ತು, ಕಾಯಿ ಹಾಳಾಗಬಾರದೆಂದು. ಪಟ್ಟಿಯ ಪಕ್ಕದ ಬಿಲದಲ್ಲಿ ಕಾಲು ಸಿಕ್ಕಿಕೊಂಡು ಸೊಂಟದ ಮೂಳೆ ಮುರಿಯಿತು. ಅಂಚೆಯವನು ನೋಡಿ ಆಂಬುಲೆನ್ಸ್ ಕರೆಸಿದ. ಆಮೇಲೆ ಅವರು ಆ ಮನೆಗೆ ವಾಪಸಾಗಲೇ ಇಲ್ಲ. ಚಳಿಗಾಲ ಮುಗಿಯುವ ಮುಂಚೆ ಹೊಲ ಮಾರಾಟವಾಯಿತು.

ಮನೆ ಖಾಲಿ ಮಾಡುವ ದಿನ ಸಹಾಯಕ್ಕೆ ಹೋಗಿದ್ದೆ. ಆಂಟಿಯ ಮಗ ಗೋಡೆಯಿಂದ ಬಂದೂಕು ಇಳಿಸುತ್ತಿದ್ದ. ಒಳ್ಳೆಯ ಮನುಷ್ಯ, ನನ್ನ ಮೇಲೆ ಕೋಪವೇನೂ ಇರಲಿಲ್ಲ. ಆದರೂ ಮನಸ್ಸಿನಲ್ಲಿದ್ದುದನ್ನು ಹೇಳಿದ. ಜನ್ಮವಿಡೀ ಹೊಡೆದ ಅಮ್ಮ ಹೊಸ ಸ್ಕೋಪು ಬಂದ ಮೇಲೂ ಈ ವರ್ಷ ಯಾಕೆ ಒಂದನ್ನೂ ಹೊಡೆಯಲಿಲ್ಲ ಅಂತ ಆಸ್ಪತ್ರೆಯಲ್ಲಿ ಕೇಳಿದನಂತೆ. ಆ ಹುಡುಗಿ ತಂದ ಸ್ಕೋಪು ಅಗ್ಗದ್ದು ಕಣಪ್ಪ, ಅದರಲ್ಲಿ ಏನೂ ಕಾಣುತ್ತಿರಲಿಲ್ಲ ಅಂದರಂತೆ. ನೀವು ಒಳ್ಳೆಯ ಮನಸ್ಸಿನಿಂದಲೇ ತಂದಿರಿ, ಆದರೆ ಇಂಥದ್ದರಲ್ಲಿ ಸ್ವಲ್ಪ ದುಡ್ಡು ಹಾಕಬೇಕು ಅಂದ.

ಮೀಸೆಯ ಮೇಲಿನ ಇಬ್ಬನಿ ಕೂಡ ಕಾಣುತ್ತಿತ್ತಪ್ಪಾ ಅನ್ನಬೇಕೆಂದು ಬಾಯಿ ತನಕ ಬಂತು. ಅಂದಿದ್ದರೆ ಆಂಟಿಯ ಸುಳ್ಳು ಬಯಲಾಗುತ್ತಿತ್ತು. ಯಾರದೋ ಊಟ ಮುಗಿಯಲಿ ಅಂತ ಕಾದು ಹೊಲ ಕಳೆದುಕೊಂಡ ಮುದುಕಿ ಅಂತ ಮಗನ ಕಣ್ಣಲ್ಲಿ ಸಣ್ಣವರಾಗುತ್ತಿದ್ದರು.

"ಹೌದು," ಅಂದೆ. "ಇನ್ನೂ ಒಳ್ಳೇದು ತರಬೇಕಿತ್ತು."