ಆರು ಇಂಚು ಏರಿದ ಶೆಡ್ಡು

1991ರ ಬೇಸಿಗೆಯಲ್ಲಿ ಅಪ್ಪ ಸದಲಗಾದಿಂದ ಒಂದು ಹಳೆಯ ಟೆಂಪೋ ಕೊಂಡು ತಂದ. ಅಥಣಿ ತಾಲೂಕಿನ ಅನಂತಪುರದ ನಮ್ಮ ಮನೆಗೆ ಅಂಟಿದ ಶೆಡ್ಡಿನಲ್ಲಿ ಅದನ್ನು ನಿಲ್ಲಿಸುವುದೆಂದು ಎಲ್ಲರೂ ಮೊದಲೇ ತೀರ್ಮಾನಿಸಿದ್ದರು, ಟೆಂಪೋವನ್ನು ಮಾತ್ರ ಯಾರೂ ಕೇಳಿರಲಿಲ್ಲ. ತಾಡಪತ್ರಿ ಹೊದಿಸಲು ಅದರ ಹಿಂಭಾಗಕ್ಕೆ ಕಬ್ಬಿಣದ ಕಮಾನು ಕೂರಿಸಿದ್ದರು. ಆ ಕಮಾನು ಶೆಡ್ಡಿನ ಮೊದಲ ಕೈಂಚಿಗೆ ಬಡಿದು ನಿಂತಿತು. ತಗಡಿನ ಛಾವಣಿ ಹೊತ್ತ ಕಬ್ಬಿಣದ ತ್ರಿಕೋನಗಳಿಗೆ ನಮ್ಮಲ್ಲಿ ಕೈಂಚಿ ಅನ್ನುತ್ತಾರೆ. ನಮ್ಮ ಶೆಡ್ಡಿನಲ್ಲಿ ಮೂರಿದ್ದವು. ಅವುಗಳ ಕೆಳಪಟ್ಟಿ ನೆಲದಿಂದ ಸರಿಯಾಗಿ ಎಂಟು ಅಡಿ.

ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಕುಳಿತಿದ್ದೆ. ದಿನಕ್ಕೆಷ್ಟು ಬಸ್ಸು ಹೋದವು, ಅಪ್ಪನ ತಮ್ಮ ಕಾಕಾ ಎಷ್ಟು ರೊಟ್ಟಿ ತಿಂದ, ಎಲ್ಲ ನನ್ನ ಡೈರಿಯಲ್ಲಿರುತ್ತಿತ್ತು. ಚಿಕ್ಕೋಡಿಯಲ್ಲಿ ಕಟ್ಟಡ ಕೆಲಸದ ಡಿಪ್ಲೊಮಾ ಓದಬೇಕೆಂಬುದು ನನ್ನ ಆಸೆ.

"ಹೆಣ್ಣ ಹುಡುಗಿ ಹೋಗಿ ಗ್ವಾಡಿ ಅಳೀತಾಳೇನ?" ಎಂದ ಕಾಕಾ.

ಅಪ್ಪ ಶೆಡ್ಡಿನತ್ತ ಕೈ ತೋರಿಸಿದ. "ಇದರ ಅಳತಿ ಅಕಿನs ತಗೀಲಿ. ಬರೋಬ್ಬರಿ ಬಂದರ ಚಿಕ್ಕೋಡಿ ಮಾತ ತಗಿಯೂಣು."

ಮಂಗಳವಾರ ಸಂಜೆ, ದ್ರಾಕ್ಷಿ ತುಂಬಿ ಹೊರಡಲು ನಿಂತಿದ್ದ ಟೆಂಪೋಗೆ ಏಣಿ ಹಚ್ಚಿ ಟೇಪು ಹಿಡಿದೆ. ಎಂಟು ಅಡಿ ಮೂರು ಇಂಚು. ಪೆಟ್ಟಿಗೆಗಳ ಸಂಖ್ಯೆಯನ್ನೂ ರೂಢಿಯಂತೆ ಬರೆದುಕೊಂಡೆ, ನೂರಾ ನಲವತ್ತು.

ಅಪ್ಪ ಗಾಡಿ ಹೊಡೆದುಕೊಂಡು ಹೋದ. ಬುಧವಾರ ಕಾಕಾ ಕರೆಸಿದ್ದ ವೆಲ್ಡರ್ ಅಥಣಿಯಿಂದ ಬಂದ. "ಕೆಳಗಿನ ಪಟ್ಟಿ ಕೊಯ್ದ ಒಗೀತೀನ್ರಿ. ಒಂದ ತಾಸಿನ ಕೆಲಸ" ಎಂದ.

ನಮ್ಮ ಹಿತ್ತಲ ಗೋಡೆ ಕಟ್ಟಲು ಬಂದಿದ್ದ ಗೌಂಡಿ ಪಡಸಾಲೆಯಲ್ಲಿ ಊಟಕ್ಕೆ ಕುಳಿತಿದ್ದ. ಎರಡು ಖಡಕ್ ರೊಟ್ಟಿ ತೆಗೆದು, ಒಂದಕ್ಕೊಂದು ಆನಿಸಿ, ಗುಡಿಸಲಿನಂತೆ ನೆಲದ ಮೇಲೆ ನಿಲ್ಲಿಸಿದ. ಕಾಲು ಜಾರಿ ಎರಡೂ ಮಲಗಿದವು. ಅವನ್ನೇ ತಾಟಿನೊಳಗೆ ಅಂಚಿಗೆ ಕಾಲು ಕೊಟ್ಟು ನಿಲ್ಲಿಸಿದ. ನಿಂತವು.

"ಈ ಅಂಚ ಐತೆಲ್ಲ ಅಣ್ಣಾರ, ಇದs ನಿಮ್ಮ ಪಟ್ಟಿ. ಕೊಯ್ದರ ಕೈಂಚಿ ಕಾಲ ಚಾಚತೈತಿ, ಗ್ವಾಡಿ ಹೊರಗ ಮಲಗತಾವ."

"ನೆಲಕ್ಕ ಇಟ್ಟ ರೊಟ್ಟಿ ಯಾರ ತಿನ್ನಬೇಕ ಈಗ?" ಎಂದಳು ಆಯಿ, ನನ್ನ ಅಜ್ಜಿ.

ಗೌಂಡಿಯೇ ತಿಂದ. ವೆಲ್ಡರ್ ಚಹಾ ಕುಡಿದು ಹೋದ.

ಹಾಗಾಗಿ ಛಾವಣಿಯನ್ನು ಇಡಿಯಾಗಿ ಎತ್ತುವುದೆಂದಾಯಿತು. ಎಷ್ಟು ಎತ್ತಬೇಕೆಂದು ಗೌಂಡಿ ನನ್ನನ್ನು ಕೇಳಿದ. ಜೀವನದಲ್ಲಿ ಮೊದಲ ಸಲ ದೊಡ್ಡವರೊಬ್ಬರು ನನ್ನ ಡೈರಿಯತ್ತ ಕೈ ತೋರಿಸಿ ಕೇಳಿದ್ದರು. "ಆರು ಇಂಚು. ಮೂರು ಇಂಚು ಗಾಳಿ ಉಳಿತೈತಿ" ಎಂದೆ. ಶುಕ್ರವಾರ ಐಗಳಿಯಿಂದ ಟ್ರಾಲಿ ಎತ್ತುವ ಆರು ಜಾಕು ಬಂದವು. ಪ್ರತಿ ಕೈಂಚಿಯ ಎರಡೂ ತುದಿಗೆ ಒಂದೊಂದು. ಗೌಂಡಿ "ಹಾಂ" ಅಂದಾಗ ಆರು ಜನ ಒಮ್ಮೆಲೇ ಒಂದು ಸುತ್ತು ತಿರುಗಿಸಬೇಕು. ಕಾಕಾ ಎರಡು ಸಲ "ಹಾಂ" ಅನ್ನುವ ಮೊದಲೇ ತಿರುಗಿಸಿ ಬೈಸಿಕೊಂಡ. ತಗಡು ಕಿರುಗುಟ್ಟುತ್ತ ಮೇಲೇರಿತು. ಕೈಂಚಿಯ ಕಾಲಡಿಯಲ್ಲಿ ಆರು ಇಂಚಿನ ಕಲ್ಲು ಕೂತವು.

ಶನಿವಾರ ಸಂಜೆ ಅಪ್ಪ ದ್ರಾಕ್ಷಿ ಇಳಿಸಿ ಬಂದ. ಓಣಿಯವರೆಲ್ಲ ನೋಡಲು ಸೇರಿದ್ದರು. ಟೆಂಪೋ ಶೆಡ್ಡಿನೊಳಗೆ ಮೂತಿ ಹಾಕಿತು. ಟಣ್ ಎಂದಿತು.

ಕಮಾನು ಪಟ್ಟಿಗಿಂತ ಒಂದು ಇಂಚು ಎತ್ತರವಿತ್ತು. ನಾನು ಮತ್ತೆ ಟೇಪು ಹಿಡಿದರೆ ಎಂಟು ಅಡಿ ಏಳು ಇಂಚು.

"ನಾಕ ದಿನದಾಗ ಟೆಂಪೋ ನಾಕ ಇಂಚ ಬೆಳದೈತಿ. ಮೇವ ಕಡಿಮಿ ಮಾಡ್ರಿ" ಎಂದ ಕಾಕಾ.

ಡೈರಿ ತೆಗೆದೆ. ಮಂಗಳವಾರದ ಪುಟದಲ್ಲಿ ಎತ್ತರದ ಕೆಳಗೇ ನೂರಾ ನಲವತ್ತು ಪೆಟ್ಟಿಗೆ ಇತ್ತು. ಭಾರಕ್ಕೆ ಗಾಡಿಯ ಸ್ಪ್ರಿಂಗ್ ಪಾಟಿ ಕುಗ್ಗಿದಾಗ ನಾನು ಅಳೆದಿದ್ದೆ, ಈಗ ಗಾಡಿ ಖಾಲಿ. ಆ ಪುಟ ಮಡಚಿ, ನೆಲ ಉಬ್ಬಿದೆ ಎಂದು ಹೇಳುವ ಯೋಚನೆ ಬಾರದೆ ಇರಲಿಲ್ಲ. ಆದರೆ ಅಪ್ಪ ಆಗಲೇ ಕೈ ಚಾಚಿದ್ದ. ಕೊಟ್ಟೆ. "ತುಂಬಿದ ಗಾಡಿ ಅಳದೇನಿ, ನಂದs ತಪ್ಪ" ಎಂದೆ.

ಅಪ್ಪ ಓದಿ ಡೈರಿ ಮರಳಿ ಕೊಟ್ಟ. ಚಿಕ್ಕೋಡಿ ದೂರ ಹೋಗುವುದು ಕಾಣಿಸಿತು.

"ಹಂಗಾರ ತುಂಬೂಣು" ಎಂದೆ. "ಎಲ್ಲಾರೂ ಹತ್ರಿ."

ಓಣಿಯವರು ಮದುವೆ ದಿಬ್ಬಣದ ಹುರುಪಿನಲ್ಲಿ ಹತ್ತಿದರು. ನನ್ನ ಲೆಕ್ಕಕ್ಕೆ ಹದಿನೆಂಟು ಜನ, ಅದರಲ್ಲಿ ಇಬ್ಬರು ಅಳುವ ಕೂಸುಗಳು. ಟೆಂಪೋ ಕುಗ್ಗಿತು. ಕಮಾನು ಮೊದಲ ಪಟ್ಟಿಯ ಕೆಳಗೆ ನುಸುಳಿ ಒಳಗೆ ಹೋಯಿತು.

"ಈಗ ಇಳದರ ಗಾಡಿ ಎದ್ದು ಮತ್ತ ಪಟ್ಟಿಗಿ ಬಡೀತೈತಿ" ಎಂದ ಗೌಂಡಿ ಹಿಂದಿನಿಂದ.

"ಹಂಗಾರ ನಾವ ಇಲ್ಲೇ ವಸ್ತಿ ಮಾಡೂದೇನ?" ಎಂದಳು ಗೌಂಡಿಯ ಹೆಂಡತಿ, ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸುತ್ತ.

ಎರಡು ಕೈಂಚಿಗಳ ನಡುವೆ ಹತ್ತು ಅಡಿ ಇದೆಯೆಂದು ಬರೆದಿದ್ದೆ. ಕಮಾನಿನ ಉದ್ದ ಒಂಬತ್ತೂವರೆ. "ಅಪ್ಪಾ, ಇನ್ನೊಂದ ಗೇಣ ಮುಂದ" ಎಂದೆ. ಅಪ್ಪ ಗಾಡಿಯನ್ನು ಒಂದು ಗೇಣು ಮುಂದೆ ಬಿಟ್ಟು ಬ್ರೇಕು ಹಿಡಿದ. ಜನ ಒಬ್ಬೊಬ್ಬರಾಗಿ ಇಳಿದರು. ಟೆಂಪೋ ನಿಧಾನಕ್ಕೆ ಮೈ ಎತ್ತಿತು. ಕಮಾನು ಎರಡು ಪಟ್ಟಿಗಳ ನಡುವೆ ಯಾವುದಕ್ಕೂ ತಾಗದೆ ಮೇಲೇರಿ ನಿಂತಿತು. ಕಾಕಾ ಬಗ್ಗಿ ಹಿಂದೆ ನೋಡಿದ, ಮುಂದೆ ನೋಡಿದ, ತಪ್ಪೇನೂ ಸಿಗದೆ ಕೂಸಿನ ಕೆನ್ನೆ ಹಿಂಡಿದ.

ಸೋಮವಾರ ಬೆಳಿಗ್ಗೆ ಹೊರತೆಗೆಯಲು ಮತ್ತೆ ಅಷ್ಟೂ ಜನ ಬೇಕಾದರು. ಅಂಗಳ ದಾಟಿದ ಮೇಲೆ ಎಲ್ಲರೂ ಇಳಿದರು. ನಾನೂ ಕಾಲು ಕೆಳಗಿಟ್ಟೆ.

"ನೀ ಯಾಕ ಇಳೀತಿ?" ಎಂದ ಅಪ್ಪ. "ಮುಂದ ಬಂದ ಕುಂದರ. ಚಿಕ್ಕೋಡ್ಯಾಗ ಫಾರ್ಮ್ ಇಸ್ಕೊಂಡ ಬರೂಣು."

"ಅಳತಿ ತಪ್ಪಿತ್ತಲ್ಲಪ್ಪಾ."

"ತಪ್ಪಿದ್ದ ಎಲ್ಲಿ ತಪ್ಪಿತಂತ ಬರದಿಟ್ಟಿದ್ದೀಯಲ್ಲ" ಎಂದು ಅಪ್ಪ ಗೇರು ಹಾಕಿದ. ಅವ್ವ ಒಳಗಿನಿಂದ, ತಲೆಯನ್ನಾದರೂ ಬಾಚಿಕೊಂಡು ಹೋಗು ಎಂದು ಕೂಗುವಷ್ಟರಲ್ಲಿ ನಾವು ರಸ್ತೆಗೆ ಬಿದ್ದಿದ್ದೆವು.