ಸಿನಿಮಾದಾಗ ಇಲ್ಲದ ಮಾತು

ಹೋದ ವರ್ಷ ಹೊಸಪೇಟೆ ಟಾಕೀಸಿಗೆ ನಮ್ಮ ಖೂನಿ ನಾಟಕ ಸಿನಿಮಾ ಆಗಿ ಬಂತು. ನಾನು ಹೋಗಿದ್ದು ಕಥಿ ನೋಡಾಕಲ್ಲ. ಕಥಿ ನನಗ ಬಾಯಿಪಾಠ ಐತಿ. ಅದರಾಗ ನಾನು ಹೇಳುತ್ತಿದ್ದ ಒಂದು ಮಾತು ಮರತು ಹೋಗಿತ್ತು. ಅದನ್ನ ವಾಪಸ್ ತರಾಕ ಹೋಗಿದ್ದೆ.

ನಾನು ಕಂಪ್ಲಿಯಾಕಿ. ಹಳ್ಳಿ ಗಂಡಸರು ನಾಟಕ ಆಡುವಾಗ ಹೆಣ್ಣಿನ ಪಾರ್ಟಿಗೆ ಹೊರಗಿಂದ ಹೆಂಗಸರನ್ನ ಕರೆಸುತ್ತಿದ್ದರು. ಹಂಗ ಹೋಗುತ್ತಿದ್ದವರಾಗ ನಾನೂ ಒಬ್ಬಾಕಿ. ಓದಾಕ ಬರಿಯಾಕ ಬರುತ್ತಿದ್ದಿಲ್ಲ. ಈಗ ಬರೆಯುವ ಅಕ್ಷರನೂ ಕೂದಲು ಬೆಳ್ಳಗಾದ ಮ್ಯಾಲ ಕಲಿತದ್ದು, ತಪ್ಪಿದ್ದರ ನೀವ ತಿದ್ದಿಕೊಳ್ರಿ. ನನಗ ಮಾತು ಕಲಿಸುತ್ತಿದ್ದವರು ಬುಕ್ಕಸಾಗರದ ಪೇಟಿ ಮಾಸ್ತರು. ಹಾರ್ಮೋನಿಯಂ ಬಾರಿಸುವುದು, ನಾಟಕ ಬರೆಯುವುದು, ಆಡಿಸುವುದು, ಪರದೆ ಮರೆಗೆ ನಿಂತು ಮಾತು ಎತ್ತಿಕೊಡುವುದು, ಎಲ್ಲಾ ಅವರೇ.

ಖೂನಿ ನಾಟಕದಾಗ ನಾನು ಸತ್ತ ಜಮೀನ್ದಾರನ ಹೆಂಡತಿ. ಕೊಂದವನು ಮನಿಯವರಾಗ, ಮನಿಗೆ ಬಂದು ಹೋಗುವವರಾಗ ಒಬ್ಬ. ಯಾರು ಅಂತ ಕಡೀತನಕ ಜನಕ್ಕ ಗೊತ್ತಾಗಬಾರದು. ಖರೇ ಹೇಳಬೇಕಂದರ ನನಗೂ ಗೊತ್ತಿರುತ್ತಿದ್ದಿಲ್ಲ. ಯಾಕಂದರ ಊರಿಗೊಬ್ಬ ಕೊಲೆಗಾರ. ಎಮ್ಮಿಗನೂರಾಗ ಜಮೀನ್ದಾರನ ತಮ್ಮನ ಪಾರ್ಟಿನವನು ಬಣ್ಣ ಹಚ್ಚಿಕೊಂಡು ಕುಂತಾಗ ಅವನ ಬೀಗರು ಬಂದಿಳಿದರು. "ಬೀಗರ ಮುಂದ ನಾ ಖೂನಿ ಮಾಡಂಗಿಲ್ರಿ ಮಾಸ್ತರ, ಮಗಳ ಸಂಬಂಧ ಮುರಿತೈತಿ" ಅಂದ. ಮಾಸ್ತರು ಹಣಿ ಬಡಕೊಂಡು ಡಾಕ್ಟರ ಪಾರ್ಟಿನವನ ಕೈಗೆ ಚಾಕು ಕೊಟ್ಟರು. ದೋಣಿಮಲೈ ಗಣಿ ಕ್ವಾರ್ಟರ್ಸಿನಾಗ ಇದರ ಉಲ್ಟಾ. ಮೂರು ಮಂದಿ "ನಾನ ಕೊಲೆಗಾರ, ನಾನ ಕೊಲೆಗಾರ" ಅಂತ ಜಗಳಕ್ಕ ನಿಂತರು. ಕೊಲೆಗಾರನಿಗೆ ಕಡೀಗೆ ಒಂದು ದೊಡ್ಡ ನಗು ಇತ್ತು, ಅದರ ಆಸೆಗೆ.

"ಯಾರು ಕೊಲ್ಲೋರು ಅಂತ ನನಗರ ಹೇಳ್ರಿ ಮಾಸ್ತರ."

"ಗೊತ್ತಾದರ ನೀ ಅಂಜಂಗಿಲ್ಲ, ಹೋಗಬೇ."

ಅದಕ್ಕಂತನ ಅವರು ನನಗ ಒಂದು ಮಾತು ಬರೆದಿದ್ದರು. ದೀಪ ಆರಿರುತ್ತದೆ. ಕೊಂದವನು ಬಂದು ನಿಂತಾನ ಅಂತ ಆಕಿಗೆ ಗೊತ್ತು. ಚೀರಂಗಿಲ್ಲ. ಕತ್ತಲ ಕಡಿ ಮಾರಿ ಮಾಡಿ, ಹೊಲದಿಂದ ಬಂದ ಮನಿ ಮನುಷ್ಯನ್ನ ಮಾತಾಡಿಸಿದಂಗ ಮಾತಾಡುತ್ತಾಳ. ಮೈದುನ ಅನ್ನಂಗಿಲ್ಲ, ಡಾಕ್ಟರ ಅನ್ನಂಗಿಲ್ಲ. ಯಾವ ಊರಿನ ಕೊಲೆಗಾರನಿಗೂ ಹೊಂದಬೇಕಲ್ಲ. "ಬಂದಿ? ಕುಂದ್ರು. ಕೈ ತೊಳಕೊಂಡಿಯೋ ಇಲ್ಲೋ" ಅಂತ ಸುರು. ಅಷ್ಟು ನೆನಪೈತಿ. ಮುಂದ ಒಂದು ಬೀಡಿ ಸೇದುವಷ್ಟು ಹೊತ್ತಿನ ಮಾತು, ಅದು ಹೋತು. ಅದನ್ನ ಹೇಳುವಾಗ ಜನ ಕೆಮ್ಮುತ್ತಿದ್ದಿಲ್ಲ.

ಕಲಿಸುವಾಗ ಮಾಸ್ತರು ಪೇಟಿಯಾಗ ಒಂದ ಸ್ವರ ಒತ್ತಿ ಹಿಡಿದು ಸಣ್ಣ ದನಿಯಾಗ ಹೇಳಿಕೊಡುವರು. "ಅಕ್ಷರ ಕಲೀಬೇ, ಒಂದು ತಿಂಗಳ ಕೆಲಸ, ನೀನ ಬರಕೋ" ಅಂತ ಎಷ್ಟೋ ಸಲ ಅಂದರು. "ನೀವಿದ್ದೀರಲ್ರಿ, ನನಗ್ಯಾಕ" ಅಂದೆ. ಕಲಿತರ ಅವರು ಹೇಳಿಕೊಡುವುದು ತಪ್ಪತೈತಿ ಅನ್ನುವುದು ನನ್ನ ಹೊಟ್ಟಿಯಾಗಿತ್ತು. ಅವರಿಗೆ ಹೆಂಡತಿ ಮಕ್ಕಳಿದ್ದರು, ನನಗೂ ಗಂಡ ಇದ್ದ. ಹೇಳಿಕೊಳ್ಳುವಂಥದ್ದು ಏನೂ ನಡೀಲಿಲ್ಲ.

ಮಾಸ್ತರು ತೀರಿಕೊಂಡ ಮ್ಯಾಲ ನಾಟಕದ ನೋಟ್‌ಬುಕ್ಕು ಅವರ ಮಗನ ಹತ್ರ ಉಳೀತು. ನಾನು ಕೇಳಾಕ ಹೋಗುವಷ್ಟರಾಗ ಸಿನಿಮಾದವರಿಗೆ ಕೊಟ್ಟುಬಿಟ್ಟಿದ್ದ. "ವಾಪಸ್ ಬಂದಿಲ್ಲಬೇ. ಸಿನಿಮಾದಾಗ ಬರತೈತಲ್ಲ, ಅಲ್ಲೇ ಕೇಳು" ಅಂದ.

ಮೊಮ್ಮಗಳನ್ನ ಕರಕೊಂಡು ಮ್ಯಾಟ್ನಿಗೆ ಹೋದೆ. ಜಮೀನ್ದಾರನ ಹೆಂಡತಿ ಆದ ಹುಡುಗಿ ಗಂಡ ಸತ್ತ ಮರುದಿನನ ತುಟಿಗೆ ಬಣ್ಣ ಬಳಕೊಂಡು ಹಂಪಿ ಬಂಡೆಗಲ್ಲಿನ ಮ್ಯಾಲ ಹಾಡು ಹೇಳಿದಳು. ರಕ್ತ ಅಂತೂ ಬಕೆಟ್‌ಗಟ್ಟಲೆ. ಇಂಟರ್ವಲ್ ಆಗುವುದರೊಳಗ ಕೊಲೆಗಾರನ ಮಾರಿ ತೋರಿಸಿಬಿಟ್ಟರು. ಯಾರು ಅಂತ ಗೊತ್ತಾದ ಮ್ಯಾಲ ಕತ್ತಲಿನ ಮಾತು ಇವರಿಗ್ಯಾಕ ಬೇಕು?

"ಹೋಗೂನು ನಡಿ ಅಜ್ಜಿ, ಬ್ಯಾಸರ ಆಗೈತಿ" ಅಂದಳು ಮೊಮ್ಮಗಳು.

"ಸುಮ್ಮಕುಂದ್ರು. ಇನ್ನೂ ಬಂದಿಲ್ಲ."

ದೀಪ ಆರುವ ಸೀನು ಬಂತು. ಸೆರಗು ಬೆರಳಿಗೆ ಸುತ್ತಿಕೊಂಡು ಕುಂತೆ. ಆ ಹುಡುಗಿ ಹಿಂದ ತಿರುಗಿದಳು, ಬಾಯಿ ತೆರೆದಳು. ಚೀರಿದಳು. ಅಷ್ಟ. ಮುಂದ ಬರೀ ಡಬಡಬ ಮ್ಯೂಸಿಕ್ಕು. ಹಿಂದಿನ ಸೀಟಿನವರು ಶಿಳ್ಳೆ ಹೊಡೆದರು.

ಕಡೀಗೆ ಸಾಲಾಗಿ ಹೆಸರು ಬರುವಾಗ ಮಾಸ್ತರ ಹೆಸರೂ ಬಂತಂತ. ಓಡುವ ಅಕ್ಷರ ನನಗ ಸಿಗಂಗಿಲ್ಲ, ಮೊಮ್ಮಗಳು ಓದಿ ಖುಷಿಪಟ್ಟಳು. ಹೆಸರು ನಾ ಎಲ್ಲಿ ಮರತಿದ್ದೆ?

ಬಸ್ ಸ್ಟ್ಯಾಂಡಿನ ಬೆಂಚಿನ ಮ್ಯಾಲ ಕುಂತು ಒಂದು ಸಲ ನಾನ ಹೇಳಿ ನೋಡಿದೆ. ಕೈ ತೊಳೆಯುವತನಕ ಬಂತು, ನಿಂತಿತು. ನನ್ನ ಕುತ್ತಿಗಿ ತನ್ನಷ್ಟಕ್ಕ ಎಡಕ್ಕ ತಿರುಗಿತು. ಮಾತು ತಪ್ಪಿದಾಗ ಮಾಸ್ತರು ಎತ್ತಿಕೊಡುತ್ತಿದ್ದುದು ಆ ಕಡಿಯಿಂದ. ಅಲ್ಲಿ ಒಬ್ಬ ಸೌತಿಕಾಯಿ ಹೆಚ್ಚಿ ಉಪ್ಪು ಖಾರ ಹಾಕುತ್ತಿದ್ದ.

"ಮುಂದ ಏನಿತ್ತಜ್ಜಿ?"

"ಅನ್ನ ನೀಡತೀನಿ ಅನ್ನೋದು ಬರತಿತ್ತು. ಗಂಡನ ಚಪ್ಪಲಿ ಬಾಗಲದಾಗ ಹಂಗ ಅದಾವು ಅನ್ನೋದು ಬರತಿತ್ತು. ಯಾವ ಮಾತಿನಾಗ ಬರತಿತ್ತು ಅನ್ನೋದ ನೆನಪಿಲ್ಲ. ಉಸಿರು ಎಲ್ಲಿ ತಗೊಂತಿದ್ದೆ ಅನ್ನೋದು ಐತಿ."

ಆಕಿ ಫೋನು ತೆಗೆದಳು. "ಹಂಗಾರ ಉಳಿದದ್ದು ನೀನ ಕಟ್ಟಿ ಹೇಳಬೇ, ಇದರಾಗ ಹಿಡಕೊಂತೀನಿ. ಆವಾಗ ಕೇಳಿದವರು ಯಾರದಾರ ಈಗ? ಯಾರಿಗೆ ಗೊತ್ತಾಕ್ಕೈತಿ?"

"ನನಗ ಗೊತ್ತಾಕ್ಕೈತಲ್ಲಲೇ" ಅಂದೆ.

ಕಂಪ್ಲಿ ಬಸ್ಸು ಬಂತು. ಗದ್ದಲ ಭಾಳ ಇತ್ತು, ನಿಂತುಕೊಂಡ ಬಂದಿವಿ.