ನನ್ನ ಕಣದಾಗ ಇಳಿದ ಹಾರುವ ತಟ್ಟೆ

ನನ್ನನ್ನು ಯಾರಾದರೂ ಹೊಗಳಿದರೆ ನನಗೆ ಬಹಳ ಸೇರುತ್ತದೆ. ಇದನ್ನು ಮುಚ್ಚಿಟ್ಟು ಏನು ಮಾಡಲಿ? ಏಳನೇ ಇಯತ್ತೆಗೆ ಶಾಲೆ ಬಿಟ್ಟು ಎತ್ತಿನ ಹಿಂದೆ ಬಿದ್ದವನಿಗೆ ಶಾಲು ಹೊದಿಸಿ ಭಾಷಣ ಮಾಡುವವರು ಯಾರೂ ಇಲ್ಲ. ಹಾಗಾಗಿ ಆಗಾಗ ನನ್ನನ್ನು ನಾನೇ ಹೊಗಳಿಕೊಳ್ಳುತ್ತೇನೆ. ಮನೆಯಾಕೆ ನೀಲವ್ವ ಕೇಳಿಯೂ ಕೇಳದವಳಂತೆ ರೊಟ್ಟಿ ಬಡಿಯುತ್ತಿರುತ್ತಾಳೆ. ಆದರೆ ಈ ಸುಗ್ಗಿಯಲ್ಲಿ ನನಗೆ ಸಿಕ್ಕ ಹೊಗಳಿಕೆ ಕುರ್ತಕೋಟಿಯಲ್ಲಿ ಈ ಮೊದಲು ಯಾರಿಗೂ ಸಿಕ್ಕಿರಲಿಕ್ಕಿಲ್ಲ. ನನ್ನ ಕೆಲಸ ನೋಡಿ, ಇದು ಮನುಷ್ಯ ಮಾಡಿದ್ದೇ ಅಲ್ಲ ಅಂದರು.

ಆದದ್ದು ಹೀಗೆ. ನಮ್ಮೂರಿನವರದೊಂದು ವಾಟ್ಸಾಪ್ ಗುಂಪು ಇದೆ. ಊರಲ್ಲಿ ಇದ್ದವರು, ಊರು ಬಿಟ್ಟವರು ಎಲ್ಲ ಅದರಲ್ಲಿದ್ದೇವೆ. ಮುಂಜಾನೆ ದೇವರ ಚಿತ್ರ, ಮಧ್ಯಾಹ್ನ ಪೇಟೆಯ ಧಾರಣೆ; ಅವೆರಡರ ನಡುವೆ ಜಗಳ. ಒಂದು ದಿನ ಮಂಜುನಾಥ ಅದರಲ್ಲಿ ಒಂದು ಚಿತ್ರ ಹಾಕಿದ. ಮಂಜುನಾಥ ನಮ್ಮ ಓಣಿಯವ, ಲಗ್ನದ ಫೋಟೋ ತೆಗೆಯುವವ. ಹೊಸ ಡ್ರೋನ್ ತಂದಿದ್ದ. ಅದನ್ನು ಹೊಲಗಳ ಮೇಲೆ ಹಾರಿಸಿ ನೋಡುವಾಗ ಸಿಕ್ಕ ಚಿತ್ರವಂತೆ. ಕರಿ ಎರಿಮಣ್ಣಿನ ನಡುವೆ ಒಂದು ದೊಡ್ಡ ದುಂಡು, ಅದರ ನಟ್ಟನಡುವೆ ಒಂದು ಚುಕ್ಕಿ. ಇದು ಏನಿರಬಹುದು ಎಂದು ಕೇಳಿದ್ದ ಅಷ್ಟೆ.

ಮುಂಡರಗಿಯಲ್ಲಿ ಬಸ್ಸಿನ ಡ್ರೈವರ್ ಆಗಿರುವ ಫಕ್ಕೀರಪ್ಪನಿಗೆ ಅಷ್ಟು ಸಾಕಾಯಿತು. ಬೇರೆ ಲೋಕದವರು ನಮ್ಮಲ್ಲಿಗೆ ಬಂದು ಹೋಗುತ್ತಾರೆ ಎಂಬುದು ಅವನ ಮೊದಲಿನ ನಂಬಿಕೆ. ಇದು ಹಾರುವ ತಟ್ಟೆ ಇಳಿದ ಗುರುತು ಎಂದು ಘೋಷಿಸಿಬಿಟ್ಟ. ಲಕ್ಷ್ಮೇಶ್ವರದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಚನ್ನಬಸಪ್ಪ ಏನನ್ನೂ ನಂಬದವ. ಅಷ್ಟು ದೂರದಿಂದ ಬಂದವರು ಕುರ್ತಕೋಟಿಯಲ್ಲಿ ಇಳಿದು ಒಂದು ಕಪ್ ಚಹಾ ಸೈತ ಕುಡಿಯದೆ ಹೋದರೇ ಎಂದು ಕೇಳಿದ. ನಿನ್ನ ಅಂಗಡಿಯ ಚಾಪುಡಿಯ ಖಬರು ಅವರಿಗೂ ಮುಟ್ಟಿದೆ, ಅದಕ್ಕೇ ಹೋದರು ಎಂದ ಫಕ್ಕೀರಪ್ಪ. ಗುಂಪು ಎರಡು ಪಕ್ಷವಾಯಿತು.

ಫಕ್ಕೀರಪ್ಪನ ಗಟ್ಟಿ ವಾದ ಒಂದಿತ್ತು. "ಲೇ ಚನ್ನ್ಯಾ, ಆ ದುಂಡಿನೊಳಗ ಒಂದಾದ್ರೂ ಹೆಜ್ಜಿ ಗುರ್ತು ತೋರ್ಸು. ಮನಶ್ಯಾ ಮಾಡಿದ್ರ ಕಾಲ ಎಲ್ಲಿಡ್ತಾನ?"

ಚನ್ನಬಸಪ್ಪನಿಗೂ ಹೆಜ್ಜೆ ಕಾಣಲಿಲ್ಲ. ಆದ್ದರಿಂದಲೇ ಇದು ಕಂಪ್ಯೂಟರಿನಲ್ಲಿ ಹುಟ್ಟಿದ ಚಿತ್ರ ಎಂದ.

ನಾನು ಹೊಲದ ಬದುವಿನ ಮೇಲೆ ಕೂತು ಫೋನಿನಲ್ಲಿ ಇದನ್ನೆಲ್ಲ ನೋಡುತ್ತಿದ್ದೆ. ಚಿತ್ರದ ಮೂಲೆಯಲ್ಲಿದ್ದ ಬನ್ನಿಗಿಡ ಕಂಡ ಮೇಲೆಯೇ ನನಗೆ ಹೊಳೆದದ್ದು: ಅದು ನನ್ನ ಹೊಲ, ನಾನು ಜೋಳ ಒಕ್ಕುವ ಕಣ. ನನ್ನ ಹೊಲವನ್ನು ನಾನಾದರೂ ಮೇಲಿಂದ ಯಾವತ್ತು ನೋಡಿದ್ದೆ? ಈಗ ಎಲ್ಲರೂ ಮಷೀನಿಗೆ ಹಾಕುತ್ತಾರೆ, ಇಲ್ಲವೇ ಡಾಂಬರು ರಸ್ತೆಯ ಮೇಲೆ ತೆನೆ ಹರವಿ ಲಾರಿಯ ಗಾಲಿಗೆ ಬಿಡುತ್ತಾರೆ. ನನಗೆ ಅದು ಸರಿಬರುವುದಿಲ್ಲ. ಉಣ್ಣುವ ಬಿಳಿಜೋಳಕ್ಕೆ ಪ್ರತಿ ವರ್ಷ ಕಣ ಮಾಡುತ್ತೇನೆ. ನಡುವೆ ಮೇಟಿಕಂಬ ನೆಟ್ಟು, ಅದಕ್ಕೆ ಹಗ್ಗ ಕಟ್ಟಿ ದುಂಡು ಎಳೆದು, ನೀರು ಹೊಡೆದು, ಎತ್ತು ತಿರುಗಿಸಿ ನೆಲ ಗಟ್ಟಿ ಮಾಡಿ, ಕಡೆಗೆ ಸಗಣಿ ಸಾರಿಸುತ್ತೇನೆ. ಎರಿಮಣ್ಣು ಸುಮ್ಮನೆ ಮಾತು ಕೇಳುವ ಮಣ್ಣಲ್ಲ. ಒಂದು ಸೀಳು ಬಿಟ್ಟರೂ ಕಾಳು ನುಂಗುತ್ತದೆ. ನನ್ನ ಕಣ ಕಾಳು ನುಂಗುವುದಿಲ್ಲ.

ಹಾಗೆ ನೋಡಿದರೆ ಮೇಲಿನವರು ಕಣಕ್ಕೆ ಇಳಿದು ಬರುವುದು ನಮ್ಮ ಕಡೆ ಹೊಸ ಸುದ್ದಿಯೇನಲ್ಲ. ಎತ್ತು ತಿರುಗಿಸುವಾಗ ಹಿರಿಯರು ಹೇಳುತ್ತಿದ್ದ ಹಾಡುಗಳಲ್ಲಿ ಶಿವನೇ ಜಂಗಮನಾಗಿ ಇಳಿದು ಬಂದು, ಒಂದು ಮೊರ ಜೋಳ ಭಿಕ್ಷೆ ಕೇಳುತ್ತಿದ್ದ. ವಿಮಾನ ಎಲ್ಲಿ ನಿಲ್ಲಿಸಿದ ಎಂದು ಯಾರೂ ಕೇಳಲಿಲ್ಲ. ಜೋಳ ಕೊಟ್ಟು ಕಳಿಸಿದರು.

ನಾನು ಸುಮ್ಮನೆ ಇದ್ದುಬಿಡುತ್ತಿದ್ದೆನೇನೋ. ಒಂದು ಪಕ್ಷ ಇದು ಮನುಷ್ಯರ ಕೈಯಲ್ಲಿ ಆಗುವ ಕೆಲಸವಲ್ಲ ಎನ್ನುತ್ತದೆ, ಇನ್ನೊಂದು ಇಷ್ಟು ದುಂಡು ನಿಜದಲ್ಲಿ ಇರುವುದೇ ಇಲ್ಲ ಎನ್ನುತ್ತದೆ. ಇಂಥ ಸುಖವನ್ನು ಯಾರು ಬಿಟ್ಟುಕೊಟ್ಟಾರು? ಆದರೆ ಮಾತು ಮಂಜುನಾಥನ ಮೇಲೆ ತಿರುಗಿತು. ಇಂಥ ಸುಳ್ಳು ಚಿತ್ರ ಮಾಡುವವನನ್ನು ಲಗ್ನಕ್ಕೆ ಕರೆಯುವುದು ಹೇಗೆ ಎಂದು ಚನ್ನಬಸಪ್ಪ ಬರೆದ. ಅದು ಶಿಗ್ಲಿ ಊರಿಗೂ ಮುಟ್ಟಿತು. ಅಲ್ಲಿ ಮಂಜುನಾಥನಿಗೆ ಲಗ್ನದ ಕೆಲಸ ಒಪ್ಪಿಸಿದ್ದ ಮನೆಯವರು ಬೇರೆಯವರನ್ನು ಹುಡುಕತೊಡಗಿದರಂತೆ.

"ನಾ ಕಂಡದ್ದನ್ನ ತಗದೇನ್ರಿ, ಸುಳ್ಳ ಮಾಡಿಲ್ಲ" ಎಂದು ಅವನು ಬರೆದದ್ದು ನೋಡಿ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ದುಡಿದು ತಿನ್ನುವವನಿಗೆ ಕೆಲಸದ ಮೇಲಿನ ಮಾತು ಎಲ್ಲಿ ನಾಟುತ್ತದೆ ಎಂದು ನನಗೆ ಗೊತ್ತು. ನನ್ನ ಬೆರಳಿಗೆ ಆ ಸಣ್ಣ ಅಕ್ಷರ ಒಗ್ಗುವುದಿಲ್ಲ, ಮಾತಾಡಿಯೇ ಕಳಿಸಿದೆ: ಅದು ನನ್ನ ಕಣ, ಹುಡುಗನ ಮೇಲೆ ಹರಿಹಾಯಬೇಡಿ.

ನಂಬಿದರೇ? ಅಲ್ಲಿಯವರೆಗೆ ಕಚ್ಚಾಡುತ್ತಿದ್ದ ಎರಡು ಪಕ್ಷ ನನ್ನ ಮೇಲೆ ಒಂದಾದವು. "ನೀ ಶಾಲ್ಯಾಗ ಸೊನ್ನಿ ಬರದ್ರ ಬದನಿಕಾಯಿ ಆಗತಿತ್ತಲೇ" ಎಂದ ಫಕ್ಕೀರಪ್ಪ. ಚನ್ನಬಸಪ್ಪ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದ. ಐತವಾರ ಹೊಲಕ್ಕೆ ಬರ್ರಿ, ಬಂದು ಮಾತಾಡ್ರಿ ಎಂದೆ.

ಬಂದರು. ಚನ್ನಬಸಪ್ಪ ಮುಂದೆ, ಫಕ್ಕೀರಪ್ಪ ಅವನ ಹಿಂದೆ, ಮಂಜುನಾಥ ಮುಖ ಸಣ್ಣದು ಮಾಡಿಕೊಂಡು ಎಲ್ಲರಿಗೂ ಹಿಂದೆ. ಕಣದ ಅಂಚಿಗೆ ಬಂದದ್ದೇ ಚನ್ನಬಸಪ್ಪ ನಿಂತ. ಯಾರೂ ಹೇಳಲಿಲ್ಲ; ಕಾಲಲ್ಲಿನ ಚಪ್ಪಲಿ ಕಳೆದು ಬದಿಗೆ ಇಟ್ಟ. ಫಕ್ಕೀರಪ್ಪ ಬೂಟು ಬಿಚ್ಚಿದ. ಕಣದೊಳಗೆ ಕೆರ ಮೆಟ್ಟಿ ಹೋಗಬಾರದು ಎಂಬುದು ಅವರ ತಲೆ ಮರೆತಿದ್ದರೂ ಕಾಲು ಮರೆತಿರಲಿಲ್ಲ. ಬರಿಗಾಲಲ್ಲಿ ನಿಂತ ಮೇಲೆ ಇದು ಕಣವೇ ಎಂದು ಇಬ್ಬರೂ ಒಪ್ಪಿದರು. ಹೆಜ್ಜೆ ಏಕಿಲ್ಲ ಎಂದು ನಾನು ತೋರಿಸಿದೆ: ಸಗಣಿ ಸಾರಿಸುವವನು ಮೇಟಿಯಿಂದ ಶುರುಮಾಡಿ ಹಿಂದೆ ಹಿಂದೆ ಸರಿಯುತ್ತಾನೆ, ಅವನ ಕಡೆಯ ಹೆಜ್ಜೆ ಹೊರಗೇ ಬೀಳುತ್ತದೆ.

ಚನ್ನಬಸಪ್ಪ ಅಂಚಿನ ಸುತ್ತ ನಡೆದು ಬಂದ. ಅಂಗಡಿಯವ, ತಕ್ಕಡಿ ಹಿಡಿದ ಕೈ, ತಪ್ಪಿದ ತೂಕ ಸರಿಮಾಡುವುದು ಬರುತ್ತದೆ. "ತಮ್ಮಾ, ನಾಕ ಮಂದ್ಯಾಗ ಅಂದೇನಿ, ನಾಕ ಮಂದ್ಯಾಗನ ಹಿಂದ ತಗೋತೀನಿ" ಎಂದು ಮಂಜುನಾಥನಿಗೆ ಹೇಳಿ, ಅಲ್ಲೇ ನಿಂತು ಗುಂಪಿಗೆ ಮಾತು ಕಳಿಸಿದ. ಆಮೇಲೆ ಶಿಗ್ಲಿಯವರಿಗೂ ತಾನೇ ಫೋನು ಹಚ್ಚಿದ. ಮಂಜುನಾಥನ ಕೆಲಸ ಉಳಿಯಿತು.

ಫಕ್ಕೀರಪ್ಪ ಮಾತ್ರ ಬಿಡುವವನಲ್ಲ. ಇಂಥ ವಿದ್ಯೆ ನಿಮ್ಮ ಹಿರಿಯರಿಗೆ ಮೇಲಿನವರೇ ಕಲಿಸಿರಬೇಕು ಎಂದ.

"ನನಗ ಕಲ್ಸಿದಾಂವ ನಮ್ಮಪ್ಪ," ಅಂದೆ. "ಅಂವ ಗದಗ ದಾಟಿ ಹೋದಾಂವಲ್ಲ."

ಆದರೂ ಮೇಲೆ ಯಾರೂ ಇಲ್ಲ ಎನ್ನಲು ನನಗೆ ಮನಸ್ಸಿಲ್ಲ. ಇದ್ದರೆ ಅವರಲ್ಲೂ ಒಂದು ಗುಂಪಿರುತ್ತದೆ. ಕೆಳಗೆ ಯಾರೋ ಇದ್ದಾರೆ ಎನ್ನುವ ಒಬ್ಬ ಫಕ್ಕೀರಪ್ಪ, ಯಾರೂ ಇಲ್ಲ ಎನ್ನುವ ಒಬ್ಬ ಚನ್ನಬಸಪ್ಪ ಅಲ್ಲಿಯೂ ಇದ್ದೇ ಇರುತ್ತಾರೆ. ಅಷ್ಟು ಎತ್ತರದಿಂದ ನಮ್ಮ ಮಾತು ಕೇಳಿಸಲಿಕ್ಕಿಲ್ಲ, ಮೋರೆ ಕಾಣಿಸಲಿಕ್ಕಿಲ್ಲ. ಕರಿ ನೆಲದ ಮೇಲಿನ ಆ ದುಂಡು ಕಂಡರೆ ಕಂಡೀತು. ಇಲ್ಲಿ ದುಡಿಯುವ ಮಂದಿ ಇದ್ದಾರೆ ಎಂದು ಅಲ್ಲಿನ ಫಕ್ಕೀರಪ್ಪ ಗೆಲ್ಲಬೇಕಾದರೆ ನನ್ನ ಕಣ ನೆಟ್ಟಗಿರಬೇಕಲ್ಲ? ಬರುವ ಸುಗ್ಗಿಗೆ ಹಗ್ಗವನ್ನು ಇನ್ನೂ ಬಿಗಿ ಹಿಡಿದು ಎಳೆಯುತ್ತೇನೆ.